ಸಮುದಾಯ ಆಸ್ಪತ್ರೆಯ ಇತಿಹಾಸ ಮತ್ತು ಧ್ಯೇಯವನ್ನು ಸ್ಮರಣ ಸಂಚಿಕೆಗೆ ಬರೆಯುವುದು ಹೇಗೆ?

ಧ್ಯೇಯದ ಮಾತು ಯಾರಿಗೂ ನೋವಾಗದಂತೆ ಇರಬೇಕು ಎಂದು ಕೇಳಿದ್ದೀರಿ. ನಾನೂ ಹಾಗೆಯೇ ಬರೆದೆ, ಅದರಿಂದ ಕೆಟ್ಟೆ.

ಜನರೇ ಚಂದಾ ಎತ್ತಿ ಕಟ್ಟಿದ ಆಸ್ಪತ್ರೆ ನಮ್ಮದು. ಬೆಳ್ಳಿಹಬ್ಬದ ಸಂಚಿಕೆಗೆಂದು ಆಡಳಿತ ಮಂಡಳಿಯ ನಡಾವಳಿ ಪುಸ್ತಕ ಹಿಡಿದು ಕುಳಿತೆ. ಅಧ್ಯಕ್ಷರು, ದಾನಿಗಳು, ಅಡಿಗಲ್ಲು, ಎಕ್ಸ್‌ರೇ ಯಂತ್ರ, ಎಲ್ಲವೂ ತಾರೀಖಿನ ಸಮೇತ ಸಿಕ್ಕಿದವು. ಇನ್ನೇನು ಬೇಕು ಎಂದುಕೊಂಡೆ. ಆದರೆ ನಡಾವಳಿಯಲ್ಲಿ ಇರುವುದು ಸಭೆ ಒಪ್ಪಿದ ಸಂಗತಿ ಮಾತ್ರ. ಆಸ್ಪತ್ರೆ ಏಕೆ ಬೇಕಾಯಿತು ಎಂಬುದು ಮೊದಲ ಸಭೆಗಿಂತ ಹಿಂದಿನ ಮಾತು. ಅದನ್ನು ಯಾರೂ ಠರಾವು ಮಾಡಿ ಬರೆದಿಡುವುದಿಲ್ಲ. ನಮ್ಮಲ್ಲಿ ಅದು ಹೆರಿಗೆ ವಾರ್ಡಿನ ಹಳೆಯ ರಿಜಿಸ್ಟರಿನಲ್ಲಿತ್ತು. ‘ಬಂದ ಬಗೆ’ ಎಂಬ ಕಾಲಮಿನ ಕೆಳಗೆ ದಾದಿಯರ ಕೈಬರಹ: ‘ಹೊತ್ತು ತಂದರು’. ಮತ್ತೆ, ‘ಹೊತ್ತು ತಂದರು, ತಡವಾಗಿತ್ತು’. ನಾನು ಅದನ್ನು ತೆರೆದದ್ದು ಸಂಚಿಕೆ ಅಚ್ಚಾದ ಮೇಲೆ. ಅಷ್ಟರಲ್ಲಿ ಧ್ಯೇಯದ ಜಾಗದಲ್ಲಿ ‘ಸರ್ವರಿಗೂ ಗುಣಮಟ್ಟದ ಸಮಗ್ರ ಆರೋಗ್ಯ ಸೇವೆ’ ಎಂದು ಅಚ್ಚಾಗಿತ್ತು, ಎಲ್ಲರೂ ತಲೆದೂಗಿದ್ದರು.

ಆಮೇಲೆ, ನಷ್ಟವಾಗುತ್ತಿದೆ ಎಂದು ರಾತ್ರಿ ಹೆರಿಗೆ ನಿಲ್ಲಿಸುವ ಪ್ರಸ್ತಾಪ ಬಂತು. ನಾನು ವಿರೋಧಿಸಿದೆ. ಮಂಡಳಿಯವರು ನನ್ನ ಸಂಚಿಕೆಯನ್ನೇ ನನ್ನ ಮುಂದಿಟ್ಟರು: “ಹೆರಿಗೆಗೆಂದೇ ಹುಟ್ಟಿದ ಆಸ್ಪತ್ರೆ ಎಂದು ಇದರಲ್ಲಿ ಎಲ್ಲಿ ಬರೆದಿದ್ದೀರಿ?” ಎಲ್ಲಿಯೂ ಬರೆದಿರಲಿಲ್ಲ. ರಾತ್ರಿ ಹೆರಿಗೆ ನಿಂತುಹೋಯಿತು.

ಆದ್ದರಿಂದ ನೋವಾಗಬಾರದು ಎಂಬ ಷರತ್ತನ್ನು ಮೊದಲು ಬಿಡಿ. ಯಾವ ಸಾವನ್ನು ತಡೆಯಲು ನಿಮ್ಮ ಆಸ್ಪತ್ರೆ ಹುಟ್ಟಿತು ಎಂದು ಹುಡುಕಿ. ಗಂಡಸು ವೈದ್ಯರನ್ನು ಮನೆಯವರು ಒಪ್ಪದೆ, ಒಂದೇ ರಾತ್ರಿ ಮೂವರು ಹೆಣ್ಣುಮಕ್ಕಳು ಹೆರಿಗೆಯಲ್ಲಿ ಸತ್ತದ್ದನ್ನು ಕಂಡು ಅಮೆರಿಕದ ಮಿಷನರಿ ವೈದ್ಯರ ಮಗಳು ಐಡಾ ಸ್ಕಡರ್ ತಾವೇ ವೈದ್ಯೆಯಾದರು. 1900ರಲ್ಲಿ ವೆಲ್ಲೂರಿನಲ್ಲಿ ಅವರು ತೆರೆದ ಒಂದೇ ಹಾಸಿಗೆಯ ಚಿಕಿತ್ಸಾಲಯವೇ ಇಂದಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಛತ್ತೀಸಗಢದ ದಲ್ಲಿ ರಾಜಹರಾದಲ್ಲಿ ಗಣಿ ಕಾರ್ಮಿಕರ ಸಂಘದ ನಾಯಕಿ ಕುಸುಮ್ ಬಾಯಿ ಸರಿಯಾದ ಆರೈಕೆಯಿಲ್ಲದೆ ಹೆರಿಗೆಯಲ್ಲಿ ತೀರಿಕೊಂಡರು. ಕಾರ್ಮಿಕರು ತಮ್ಮದೇ ದುಡ್ಡು, ತಮ್ಮದೇ ದುಡಿಮೆ ಹಾಕಿ 1983ರಲ್ಲಿ ಶಹೀದ್ ಆಸ್ಪತ್ರೆ ತೆರೆದರು. ಈ ಎರಡೂ ಕಡೆ, ಆಸ್ಪತ್ರೆ ಯಾರಿಗಾಗಿ ಎಂದು ಕೇಳಿದರೆ ಇತಿಹಾಸವೇ ಉತ್ತರ ಹೇಳುತ್ತದೆ. ಧ್ಯೇಯವನ್ನು ಬೇರೆಯಾಗಿ ಹೊಸೆಯಬೇಕಾಗಿಲ್ಲ.

ನಿವೃತ್ತ ದಾದಿಯರು, ಆಯಾಗಳು, ಆಂಬುಲೆನ್ಸ್ ಚಾಲಕರನ್ನು ಮಂಡಳಿಯವರಿಗಿಂತ ಮೊದಲು ಮಾತನಾಡಿಸಿ. ರಿಜಿಸ್ಟರುಗಳನ್ನು ಓದಿ, ಆದರೆ ರೋಗಿಗಳ ಹೆಸರು ಅಚ್ಚು ಮಾಡಬೇಡಿ. ದಾನಿಗಳ ಪಟ್ಟಿ ಕೊನೆಯಲ್ಲಿರಲಿ. ಧ್ಯೇಯ ಹೀಗಿರಬೇಕು: ‘ನೋವು ಬಂದು ಬಾಗಿಲಿಗೆ ಬಂದ ಗರ್ಭಿಣಿಯನ್ನು ಯಾವ ಹೊತ್ತಿನಲ್ಲೂ, ಹಣವಿಲ್ಲವೆಂದು ವಾಪಸು ಕಳಿಸುವುದಿಲ್ಲ.’ ನಿಮ್ಮ ಆಸ್ಪತ್ರೆಯ ಮಾತು ಬೇರೆ ಇದ್ದೀತು. ಮುರಿದರೆ ಎಲ್ಲರಿಗೂ ಗೊತ್ತಾಗುವಂತೆ ಇರಬೇಕು, ಅಷ್ಟೇ. ಮಂಡಳಿ ಅದಕ್ಕೆ ಹಿಂಜರಿದರೆ ಸಂಚಿಕೆಯನ್ನು ಅಚ್ಚಿಗೆ ಕಳಿಸಬೇಡಿ. ಆ ಚರ್ಚೆ ಮೊದಲು ಸಭೆಯಲ್ಲಿ ನಡೆಯಲಿ, ನಡಾವಳಿಯಲ್ಲೂ ದಾಖಲಾಗಲಿ.