ಪೆಪ್ಟೈಡ್ ಇಂಜೆಕ್ಷನ್‌ಗೆ ನಡುನಡುವೆ ಬಿಡುವು ಕೊಡಬೇಕಾ?

ಪ್ರಶ್ನೆ: ನನಗೆ 41 ವರ್ಷ. ತೂಕ ಇಳಿಸಲು ಏಳು ತಿಂಗಳಿಂದ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ತೆಗೆದುಕೊಳ್ಳುತ್ತಿದ್ದೇನೆ. ಈಗ ಡೋಸ್ 1.7 ಮಿ.ಗ್ರಾಂ. "ಇದು ಪೆಪ್ಟೈಡ್, ಎರಡು ತಿಂಗಳು ತಗೊಂಡ್ರೆ ಒಂದು ತಿಂಗಳು ಬಿಡಬೇಕು" ಅಂತಾರೆ ಜಿಮ್ ಟ್ರೈನರ್. ತಮ್ಮನ ಮದುವೆಯೂ ಹತ್ತಿರ ಬಂತು. ಬಿಡಲಾ ಡಾಕ್ಟ್ರೇ?
– ಓದುಗರು, ದಾವಣಗೆರೆ

ಉತ್ತರ: ಬಿಡುವ ಅಗತ್ಯ ಕಾಣುತ್ತಿಲ್ಲ. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಪ್ರೋಟೀನಿನ ತುಣುಕು ಅನ್ನಿ. ನಿಮ್ಮ ಟ್ರೈನರ್ ಹೇಳುವುದು ಜಿಮ್‌ಗಳಲ್ಲಿ ಓಡಾಡುವ ಬಿಪಿಸಿ-157 ಥರದ ಪೆಪ್ಟೈಡ್‌ಗಳ ಲೆಕ್ಕ. ಅದು ಔಷಧವಾಗಿ ಮಂಜೂರಾದದ್ದೇ ಅಲ್ಲ. ಕ್ರೀಡಾಪಟುಗಳಿಗಂತೂ 2022ರಿಂದ ನಿಷೇಧ. ಅದರ 'ಎರಡು ತಿಂಗಳು, ಒಂದು ತಿಂಗಳು' ಲೆಕ್ಕ ಬಾಯಿಂದ ಬಾಯಿಗೆ ಬಂದದ್ದು.

ಪೆಪ್ಟೈಡ್ ಅಂದಮಾತ್ರಕ್ಕೆ ಎಲ್ಲಕ್ಕೂ ಒಂದೇ ನಿಯಮ ಇಲ್ಲ. ಇನ್ಸುಲಿನ್ ಕೂಡ ಪೆಪ್ಟೈಡೇ, ಅದಕ್ಕೆ ಯಾರಾದರೂ ರಜೆ ಕೊಡುತ್ತಾರಾ? ಮೂಳೆ ಸವೆತಕ್ಕೆ ಕೊಡುವ ಟೆರಿಪಾರಟೈಡ್ ಅನ್ನು ಮಾತ್ರ ಸಾಮಾನ್ಯವಾಗಿ 2 ವರ್ಷಕ್ಕೆ ನಿಲ್ಲಿಸುತ್ತೇವೆ. ಆಮೇಲೂ ಸುಮ್ನೆ ಬಿಡುವುದಿಲ್ಲ. ಗಳಿಸಿದ ಮೂಳೆ ಕರಗದಿರಲಿ ಅಂತ ಬೇರೆ ಔಷಧ ಶುರು ಮಾಡುತ್ತೇವೆ.

ಸೆಮಾಗ್ಲುಟೈಡ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಪೂರ್ತಿ ಹೋಗಲು ಐದು ವಾರವಾದರೂ ಆಗುತ್ತೆ. ಹಾಗಾಗಿ ಮದುವೆ ವಾರದ ಒಂದು ಇಂಜೆಕ್ಷನ್ ತಪ್ಪಿಸಿದರೆ ಹೋಳಿಗೆ ಜಾಸ್ತಿ ಸೇರುತ್ತೆ ಅಂತ ಏನಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಹಸಿವು ವಾಪಸ್ ಬರುತ್ತೆ, ಹಿಂದೆಯೇ ತೂಕ. ಒಂದು ದೊಡ್ಡ ಅಧ್ಯಯನದಲ್ಲಿ, ನಿಲ್ಲಿಸಿದ ಒಂದು ವರ್ಷದೊಳಗೆ ಇಳಿದ ತೂಕದ ಮೂರನೇ ಎರಡು ಪಾಲು ಮರಳಿತ್ತು.

ನನಗೆ ಜಾಸ್ತಿ ಚಿಂತೆ ಮತ್ತೆ ಶುರು ಮಾಡುವಾಗಿನದು. ತಿಂಗಳು ಬಿಟ್ಟು ನೇರ 1.7ಕ್ಕೆ ಹೋದರೆ ವಾಂತಿ ಹಿಡಿದುಕೊಳ್ಳಬಹುದು. ಎರಡು ವಾರ ತಪ್ಪಿದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಮುಂದುವರಿಸಿ. ಕೆಲವೊಮ್ಮೆ ಆರಂಭದ ಡೋಸ್ 0.25 ಮಿ.ಗ್ರಾಂನಿಂದ ಮತ್ತೆ ಮೆಟ್ಟಿಲು ಹತ್ತಬೇಕಾಗುತ್ತೆ.

ನಿಜವಾಗಿ ನಿಲ್ಲಿಸಬೇಕಾದ ಸಂದರ್ಭಗಳೂ ಇವೆ. ಮಗು ಬೇಕೆಂದಿದ್ದರೆ ಕನಿಷ್ಠ 2 ತಿಂಗಳು ಮೊದಲೇ ನಿಲ್ಲಿಸಿ. ಬೆನ್ನಿಗೆ ಹರಡುವ ಜೋರು ಹೊಟ್ಟೆನೋವು ಬಂದರೆ ಮುಂದಿನ ಡೋಸ್ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿ, ಹೊಟ್ಟೆ ನಿಧಾನವಾಗಿ ಖಾಲಿಯಾಗುವುದರಿಂದ ಅವರಿಗೆ ಇದು ಗೊತ್ತಿರಲೇಬೇಕು.

ಮದುವೆ ದಿನ ಎಲೆ ಮುಂದೆ ಕೂತಾಗ ಕೋಸಂಬರಿ, ಪಲ್ಯ ಮೊದಲು ತಿನ್ನಿ. ಹೋಳಿಗೆ ಅರ್ಧ ಸಾಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಬಡಿಸುವವರು ಇನ್ನೊಂದು ಹಾಕಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯಿರಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ.