ಮಾಡೆಲ್ ಬಿಡಬೇಡಿ, ಅದರ ತಪ್ಪನ್ನು ನೆಟ್‌ವರ್ಕ್‌ಗೆ ಕಲಿಸಿ

ರೋಮ್ಸ್ ಎಂಬ, ಭೌತಶಾಸ್ತ್ರದ ಸಮೀಕರಣಗಳಿಂದ ಸಮುದ್ರವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ನಲ್ಲಿ ಸಮುದ್ರದ ಮೇಲ್ಮೈ ತಾಪಮಾನದ ಐದು ದಿನದ ಮುನ್ಸೂಚನೆ ಮಾಡುತ್ತಿದ್ದೀರಿ, ಅದನ್ನು ಪೂರ್ತಿ ಬಿಟ್ಟು, ಹಳೇ ದತ್ತಾಂಶ ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಒಂದನ್ನೇ ನಂಬಬಹುದಾ ಅಂತ ಕೇಳಿದ್ದೀರಿ. ಹಾಗೆ ಮಾಡುವವರು ಇದ್ದಾರೆ, ಮೆರ್ಕೇಟರ್ ಓಶನ್ ಸಂಸ್ಥೆಯ ಗ್ಲೋನೆಟ್ ಎಂಬ ನೆಟ್‌ವರ್ಕ್ ಹತ್ತು ದಿನದ ಮುನ್ಸೂಚನೆಯನ್ನೇ ಕೊಡುತ್ತದೆ. ಆದರೆ ಅದು ಕಲಿತಿರುವುದು ಗ್ಲೋರಿಸ್12 ಎಂಬ ದತ್ತಾಂಶದಿಂದ. ಅದರಲ್ಲಿ 1993ರಿಂದ ಈಚಿನ ಸಮುದ್ರದ ಸ್ಥಿತಿ 1/12 ಡಿಗ್ರಿ ಗ್ರಿಡ್‌ನಲ್ಲಿ ಇದೆ, ಮತ್ತು ಅದನ್ನು ತಯಾರಿಸಿದ್ದು ಭೌತಶಾಸ್ತ್ರದ ಮಾಡೆಲ್‌ಗೆ ಉಪಗ್ರಹ ಮತ್ತು ಆರ್ಗೋ ಫ್ಲೋಟ್‌ಗಳ (ಸಮುದ್ರದಲ್ಲಿ ತೇಲುತ್ತಾ ಅಳೆಯುವ ಉಪಕರಣಗಳು) ಅಳತೆ ಸೇರಿಸಿ. ಅಂದರೆ ಹಳೇ ಮಾಡೆಲ್ ಎಲ್ಲೂ ಹೋಗಿಲ್ಲ, ಒಳಗೇ ಇದೆ.

ಒಂದೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ನನ್ನ ಸಲಹೆ ಬೇರೆ. ರೋಮ್ಸ್ ಓಡಲಿ. ಅಳತೆಯಲ್ಲಿ ಮುನ್ಸೂಚನೆಯನ್ನು ಕಳೆದರೆ ಉಳಿಯುವ ತಪ್ಪಿದೆಯಲ್ಲ, ಅದನ್ನು ಮಾತ್ರ ನೆಟ್‌ವರ್ಕ್‌ಗೆ ಕಲಿಸಿ. ಗಾಳಿ ಕಡಿಮೆಯಾದಾಗ ಮೇಲಿನ ಪದರ ಜಾಸ್ತಿ ಬಿಸಿಯಾಗುವುದು, ಸುಳಿ ಇರಬೇಕಾದ ಕಡೆಯಿಂದ ಸ್ವಲ್ಪ ಸರಿದಿರುವುದು, ಇಂಥ ತಪ್ಪುಗಳು ಮತ್ತೆ ಮತ್ತೆ ಒಂದೇ ರೀತಿ ಬರುತ್ತವೆ. ಅದಕ್ಕೇ ಕಲಿಸುವುದು ಸುಲಭ, ದತ್ತಾಂಶವೂ ಕಡಿಮೆ ಸಾಕು.

ಈಗ ನಾನು ಎಡವಿದ ಜಾಗ ಹೇಳುತ್ತೇನೆ. ಮೊದಲ ಸಲ ದಿನಗಳನ್ನು ಕಲಸಿ, ಶೇಕಡಾ 80 ಕಲಿಕೆಗೆ, 20 ಪರೀಕ್ಷೆಗೆ ಅಂತ ಹಂಚಿದೆ. ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ ಎರಡು ವಾರ ಖುಷಿಯಲ್ಲೇ ಇದ್ದೆ. ನಿಜವಾದ ಮುನ್ಸೂಚನೆಗೆ ಹಚ್ಚಿದಾಗ ಏನೂ ಉಳಿಯಲಿಲ್ಲ. ಸಮುದ್ರ ನಿಧಾನ ಬದಲಾಗುತ್ತದೆ, ಇವತ್ತಿನ ನೀರು ನಾಳೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಅಲ್ವಾ? ಪರೀಕ್ಷೆಯ ದಿನದ ಹಿಂದಿನ ದಿನವನ್ನೂ ಮುಂದಿನ ದಿನವನ್ನೂ ನೆಟ್‌ವರ್ಕ್ ಆಗಲೇ ನೋಡಿತ್ತು. ಹಾಗಾಗಿ ಪೂರ್ತಿ ವರ್ಷಗಳನ್ನೇ ಪರೀಕ್ಷೆಗೆ ಎತ್ತಿಡಿ, ಕಲಿಕೆಯ ದಿನಗಳಿಗೂ ಪರೀಕ್ಷೆಯ ದಿನಗಳಿಗೂ ನಡುವೆ ಒಂದೆರಡು ತಿಂಗಳು ಖಾಲಿ ಬಿಡಿ.

ಇದಕ್ಕಿಂತ ಮೋಸದ್ದು ಗಾಳಿ. ಕಲಿಸುವಾಗ ಇಆರ್‌ಎ5 (ಹಿಂದಿನ ಹವಾಮಾನವನ್ನು ಮತ್ತೆ ಲೆಕ್ಕ ಹಾಕಿಟ್ಟ ದತ್ತಾಂಶ) ಗಾಳಿ ಕೊಟ್ಟು, ಆಮೇಲೆ ಮುನ್ಸೂಚನೆಯ ಗಾಳಿಯಲ್ಲಿ ಓಡಿಸಿದರೆ ಕೆಡುತ್ತದೆ. ಇಆರ್‌ಎ5 ತಯಾರಾಗುವುದು ಆ ದಿನದ ಅಳತೆಗಳನ್ನೂ ಸೇರಿಸಿ, ಐದನೇ ದಿನದ ಗಾಳಿ ನಿಮಗೆ ಇವತ್ತೇ ಅಷ್ಟು ಸರಿಯಾಗಿ ಸಿಗುವುದಿಲ್ಲ. ಹಳೇ ಮುನ್ಸೂಚನೆಗಳ ಗಾಳಿಯನ್ನೇ ಹುಡುಕಿ ಕೊಡಿ.

ಸಣ್ಣಪುಟ್ಟವು: ಗ್ರಿಡ್‌ನಲ್ಲಿ ನೆಲದ ಮೇಲೆ ಬೀಳುವ ಚೌಕಗಳನ್ನು ತಪ್ಪಿನ ಲೆಕ್ಕದಿಂದ ತೆಗೆಯಿರಿ, ಸುಮ್ನೆ ಸೊನ್ನೆ ತುಂಬಬೇಡಿ. ವರ್ಷದ ಎಷ್ಟನೇ ದಿನ ಎಂಬ ಸಂಖ್ಯೆಯನ್ನು ಸೈನ್, ಕೊಸೈನ್ ಮಾಡಿ ಕೊಟ್ಟರೆ ಡಿಸೆಂಬರ್ ಮತ್ತು ಜನವರಿ ಪಕ್ಕಪಕ್ಕ ಬರುತ್ತವೆ.

ಸರಾಸರಿ ವರ್ಗ ದೋಷ (ತಪ್ಪುಗಳ ವರ್ಗಗಳ ಸರಾಸರಿ) ಒಂದನ್ನೇ ನೋಡಿ ತೃಪ್ತಿಪಡಬೇಡಿ. ಸುಳಿ ಎಲ್ಲಿದೆ ಅನ್ನೋದು ಖಚಿತ ಇಲ್ಲದಾಗ ನೆಟ್‌ವರ್ಕ್ ಅದನ್ನು ಸವರಿ ಮಸುಕು ಮಾಡುತ್ತದೆ, ಅಂಕಿ ಸುಧಾರಿಸುತ್ತದೆ, ನಕ್ಷೆ ಕೆಡುತ್ತದೆ. ಬಿಸಿ ನೀರು ತಣ್ಣೀರು ಸೇರುವ ಗೆರೆ ಇನ್ನೂ ಚೂಪಾಗಿದೆಯಾ ಅಂತ ಕಣ್ಣಲ್ಲೇ ನೋಡಿ. ಚಂಡಮಾರುತ ಹಾದುಹೋದ ಮೇಲೆ ನೀರು ಕೆಲವು ಡಿಗ್ರಿ ತಣ್ಣಗಾಗುತ್ತದೆ. ಅಂಥ ದಿನಗಳು ಕಲಿಕೆಯಲ್ಲಿ ಕಡಿಮೆ, ಅವನ್ನು ಬೇರೆಯಾಗಿ ಪರೀಕ್ಷಿಸಿ. ಮುಂದೆ ಆಳಕ್ಕೂ ಇಳಿದರೆ ತಾಪಮಾನ ಮತ್ತು ಉಪ್ಪಿನಂಶವನ್ನು ಬೇರೆ ಬೇರೆ ತಿದ್ದಬೇಡಿ, ಹಗುರ ನೀರಿನ ಮೇಲೆ ಭಾರದ ನೀರು ಕೂತುಬಿಡುತ್ತದೆ.

ಇವತ್ತೇ ಶುರು ಮಾಡುವುದಾದರೆ ನೆಟ್‌ವರ್ಕ್ ಬೇಡ. ಪ್ರತಿ ತಿಂಗಳ ಸರಾಸರಿ ತಪ್ಪನ್ನು ಸರಿಪಡಿಸಿ, ‘ಇವತ್ತಿದ್ದದ್ದೇ ಐದನೇ ದಿನವೂ’ ಎಂಬ ಲೆಕ್ಕದ ಜೊತೆ ಹೋಲಿಸಿ. ಆ ಎರಡು ಅಂಕಿ ಇಲ್ಲಿ ಹಾಕಿ, ನೆಟ್‌ವರ್ಕ್ ಎಷ್ಟು ದೊಡ್ಡದು ಬೇಕು ಅಂತ ಆಮೇಲೆ ನೋಡೋಣ.