ರೀಲ್ ಕ್ಯಾಮೆರಾ ಷೋಕೇಸಿಗಾ, ಕೈಗಾ?

ಪ್ರಶ್ನೆ: ಅಪ್ಪನ ಟ್ರಂಕಿನಲ್ಲಿ ಒಲಿಂಪಸ್ ಟ್ರಿಪ್ 35 ಸಿಕ್ಕಿದೆ. ರೀಲ್ ಹಾಕಿ ಬಳಸಬಹುದಾ, ಸುಮ್ನೆ ಷೋಕೇಸಲ್ಲಿ ಇಡಲಾ?

ಉತ್ತರ: ಷೋಕೇಸಿಗೆ ಈಗಲೇ ಬೇಡ. 1967ರಲ್ಲಿ ಬಂದ ಈ ಕ್ಯಾಮೆರಾಗೆ ಬ್ಯಾಟರಿಯೇ ಬೇಕಿಲ್ಲ, ಲೆನ್ಸ್ ಸುತ್ತ ಜೇನುಗೂಡಿನಂತೆ ಕಾಣುವ ಗಾಜಿನ ಹಿಂದಿರುವ ಸೆಲೆನಿಯಂ ಎಂಬ ವಸ್ತುವಿನ ಪದರ, ಬೀಳುವ ಬೆಳಕಿನಿಂದಲೇ ಕರೆಂಟ್ ಹುಟ್ಟಿಸಿ ಬೆಳಕು ಅಳೆಯುವ ಮೀಟರ್ ಓಡಿಸುತ್ತದೆ. ಆದರೆ ವಯಸ್ಸಾದಂತೆ ಅದೂ ಸಾಯುತ್ತೆ. ಬದುಕಿದೆಯಾ ಅಂತ ನೋಡಲು, ಲೆನ್ಸಿನ ಮೇಲಿನ ರಿಂಗನ್ನು ‘ಎ’ (ಆಟೊ) ಗುರುತಿಗೆ ಇಟ್ಟು, ಹಿಂದಿನ ಚಕ್ರ ತಿರುಗಿಸಿ, ಲೆನ್ಸನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಬಟನ್ ಒತ್ತಿ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಬಟನ್ ತಡೆಯಬೇಕು. ಬಿಸಿಲಲ್ಲೂ ಕೆಂಪೇ ಬಂದರೆ ಕಷ್ಟ.

ಇನ್ನು ಫೋಕಸ್. ಎದುರಿಗಿರುವವರು ಎಷ್ಟು ದೂರ ಅಂತ ನೀವೇ ಅಂದಾಜು ಮಾಡಿ ಚಿತ್ರದ ಗುರುತಿಗೆ ತಿರುಗಿಸಬೇಕು, ಮರೆತರೆ ಅಜ್ಜಿಯ ಮುಖ ಮಸುಕು, ಹಿಂದಿನ ಗೋಡೆ ಸ್ಪಷ್ಟ! ಸಂಜೆ ಮನೆಯೊಳಗೆ ಫ್ಲ್ಯಾಷ್ ಇಲ್ಲದೆ ನಡೆಯಲ್ಲ. ರೀಲ್, ತೊಳೆಸೋದು ಎರಡಕ್ಕೂ ದುಡ್ಡು ಜಾಸ್ತಿ, ಸಿಗೋದು 36 ಫೋಟೊ. ನಾನಾದರೆ ಹಗಲಿನ ಪ್ರವಾಸಕ್ಕೆ ಒಂದು ರೀಲ್ ಹಾಕಿಯೇ ಹಾಕ್ತೀನಿ.